ವಾಹನದ ಅಂಕಿಗಳನ್ನು ಓದುವ ಬಗೆ



ಕಾರಿನ ಚಾಲಕನ ಮುಂದೆ ವೇಗ, ಇಂಧನ, ಇಂಜಿನಿನ ಬಿಸಿ ಮುಂತಾದವನ್ನು ತೋರಿಸುವ ಫಲಕವಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಇದಕ್ಕೆ ಡ್ಯಾಶ್‌ಬೋರ್ಡ್ ಎನ್ನುತ್ತಾರೆ. ಹಿಂದಿನ ಕಾರುಗಳಲ್ಲಿ ವೇಗಮಾಪಕದ ಮುಳ್ಳನ್ನು ಗೇರ್‌ಬಾಕ್ಸಿನಿಂದ ಬರುವ ತಿರುಗುವ ಕೇಬಲ್ ಆಡಿಸುತ್ತಿತ್ತು. ಇಂದು ಆ ಸುದ್ದಿ ಅಂಕಿಗಳ ರೂಪದಲ್ಲಿ ತಂತಿಯಲ್ಲಿ ಹರಿಯುತ್ತದೆ. ಅದನ್ನು ಓದಬಲ್ಲವರು ಒಂದು ಸಣ್ಣ ಕಂಪ್ಯೂಟರು ಮತ್ತು ಪರದೆಯಿಂದ ತಮ್ಮದೇ ಫಲಕವನ್ನು ಮಾಡಿಕೊಳ್ಳಬಹುದು. ಅದು ಹೇಗೆಂದು ತಿಳಿಯೋಣ.

ಇಂಜಿನಿನ ಬಿಸಿ, ಸುತ್ತು ಮುಂತಾದವನ್ನು ಸೆನ್ಸರುಗಳು ಅಳೆದು ಇಂಜಿನಿನ ನಿಯಂತ್ರಣ ಘಟಕಕ್ಕೆ ತಿಳಿಸುತ್ತವೆ. ಕಾರಿನ ಇಂತಹ ಘಟಕಗಳು ಒಂದಕ್ಕೊಂದು ಹೆಣೆದ ಎರಡು ತಂತಿಗಳ ಮೂಲಕ ಮಾತನಾಡಿಕೊಳ್ಳುತ್ತವೆ. 'ಕ್ಯಾನ್' ಎಂಬ ಈ ಏರ್ಪಾಡನ್ನು ಜರ್ಮನಿಯ ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಿಸಿತು. ಹೊರಗಿನವರು ಈ ಮಾತನ್ನು ಕೇಳಲು ಸ್ಟಿಯರಿಂಗಿನ ಕೆಳಭಾಗದಲ್ಲಿ 16 ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಹೊಗೆಯ ಮಾಲಿನ್ಯವನ್ನು ಹತೋಟಿಯಲ್ಲಿಡುವ ಸಲುವಾಗಿ ಅಮೆರಿಕವು 1996ರ ಮಾದರಿಯ ಕಾರುಗಳಿಂದ ಇದನ್ನು ಕಡ್ಡಾಯಗೊಳಿಸಿತು. ನಮ್ಮ ದೇಶದ ಈಚಿನ ಕಾರುಗಳಲ್ಲಿಯೂ ಇದುಂಟು.

ಈ ಸಾಕೆಟ್ಟಿನ ಮೂಲಕ ನಾವು ಪ್ರಶ್ನೆ ಕೇಳಬೇಕು. ಕಾರು ಉತ್ತರ ಕೊಡುತ್ತದೆ. ಪ್ರತಿ ಪ್ರಶ್ನೆಗೂ ಒಂದು ಕ್ರಮಸಂಖ್ಯೆಯಿದೆ. ತಂಪುಕಾರಕದ ಉಷ್ಣತೆಗೆ 5, ಇಂಜಿನಿನ ಸುತ್ತಿಗೆ 12, ವೇಗಕ್ಕೆ 13. ಉತ್ತರದ ಪ್ರತಿಯೊಂದು ಮನೆಯಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಮಾತ್ರ ಹಿಡಿಯುತ್ತದೆ. ವೇಗಕ್ಕೆ ಒಂದೇ ಮನೆ ಸಾಕು: 60 ಎಂದರೆ ಗಂಟೆಗೆ 60 ಕಿಲೋಮೀಟರ್.

ಸುತ್ತಿನ ಸಂಖ್ಯೆ ದೊಡ್ಡದು. ಆದುದರಿಂದ ಎರಡು ಮನೆ ಬೇಕು. ಇಲ್ಲಿ ನಾವು ಕೆಳಗಿನ ತರಗತಿಯಲ್ಲಿ ಕಲಿತ ಸ್ಥಾನಬೆಲೆಯೇ ನೆರವಿಗೆ ಬರುತ್ತದೆ. ನಮ್ಮ ಲೆಕ್ಕದಲ್ಲಿ ಎಡಗಡೆಯ ಮನೆಗೆ ಹತ್ತು ಪಟ್ಟು ಬೆಲೆಯಾದರೆ ಇಲ್ಲಿ 256 ಪಟ್ಟು. ಬಂದ ಮೊತ್ತವನ್ನು 4ರಿಂದ ಭಾಗಿಸಬೇಕು. ಉತ್ತರ 15 ಮತ್ತು 160 ಎಂದಿರಲಿ.

15 × 256 = 3840
3840 + 160 = 4000
4000 ÷ 4 = 1000

ಅಂದರೆ ಇಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದೆ. ಮನೆಗಳನ್ನು ಅದಲುಬದಲು ಮಾಡಿದರೆ ಉತ್ತರ ಹತ್ತು ಸಾವಿರವನ್ನು ದಾಟುತ್ತದೆ! ಅಂಕಿಗಳು ಅವೇ; ಸ್ಥಾನ ತಪ್ಪಿದರೆ ಅರ್ಥವೇ ಕೆಡುತ್ತದೆ.

ಉಷ್ಣತೆಗೆ ಬಂದ ಸಂಖ್ಯೆಯಿಂದ 40ನ್ನು ಕಳೆಯಬೇಕು. 130 ಬಂದರೆ 90 ಡಿಗ್ರಿ ಸೆಲ್ಸಿಯಸ್. ಚಳಿದೇಶಗಳಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುವುದಷ್ಟೆ. ಈ ಉಪಾಯದಿಂದ ಋಣಚಿಹ್ನೆಯಿಲ್ಲದೆಯೇ ಮೈನಸ್ 40ರವರೆಗೆ ತಿಳಿಸಬಹುದು.

ಇನ್ನೊಂದು ಮುಖ್ಯ ವಿಷಯ. ದಾರಿಯಲ್ಲಿ ತಂತಿ ಸಡಿಲವಾಗಿ ಉತ್ತರ ಬರುವುದು ನಿಂತಿತೆನ್ನೋಣ. ಪರದೆಯ ಮೇಲೆ ಹಳೆಯ 90 ಹಾಗೆಯೇ ಉಳಿದರೆ, ಇಂಜಿನ್ ಕುದಿಯುತ್ತಿದ್ದರೂ ಚಾಲಕನು ನಿಶ್ಚಿಂತನಾಗಿರುತ್ತಾನೆ. ಆದುದರಿಂದ ಒಂದೆರಡು ಸೆಕೆಂಡು ಉತ್ತರ ಬಾರದಿದ್ದರೆ ಅಂಕಿಯನ್ನು ಅಳಿಸಿ ಬರಿಯ ಗೆರೆಯನ್ನು ತೋರಿಸುವಂತೆ ಫಲಕವನ್ನು ರಚಿಸಬೇಕು. ತಿಳಿಯದಿದ್ದಾಗ ತಿಳಿಯದೆನ್ನುವ ಉಪಕರಣವೇ ನಂಬಿಕೆಗೆ ಅರ್ಹ.

ಪಾಲಕರಿಗೂ ಒಂದು ಮಾತು. ಇಂತಹ ಪ್ರಯೋಗವನ್ನು ನಿಂತ ಕಾರಿನಲ್ಲಿ, ಬಯಲಿನಲ್ಲಿ, ತಿಳಿದವರ ಸಮ್ಮುಖದಲ್ಲಿ ಮಾಡಬೇಕು. ಕಾರಿನ ಮೂಲ ಫಲಕವನ್ನು ತೆಗೆಯಬಾರದು. ಅಂಕಿಗಳನ್ನು ಕೇಳಿ ಓದಬೇಕೇ ಹೊರತು ಬೇರಾವ ಆಜ್ಞೆಯನ್ನೂ ಆ ತಂತಿಗೆ ಕಳುಹಿಸಬಾರದು. ಬ್ರೇಕಿನ ಘಟಕವೂ ಅದೇ ಜಾಲದಲ್ಲಿರಬಹುದು. ಈ ಎಚ್ಚರಿಕೆಯಿದ್ದರೆ, ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರಗಳು ಓಡುವ ಕಾರಿನೊಳಗೂ ದುಡಿಯುತ್ತಿರುವುದನ್ನು ನಾವು ಕಣ್ಣಾರೆ ಕಾಣಬಹುದು.