ಅರವತ್ತು ನಿಮಿಷದಲ್ಲಿ ಹಿಡಿಸುವ ಹಾಡುಗಳು

ಹುಣಸೂರಿನ ಪೇಟೆಯಲ್ಲಿ ನಾನು ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದ ಕಾಲಕ್ಕೆ ಜನ ಹಾಡಿನ ಪಟ್ಟಿಯನ್ನು ದಿನಸಿ ಚೀಟಿಯ ಬೆನ್ನಿಗೆ ಬರೆದು ತರುತ್ತಿದ್ದರು. ಒಂದು ಕಡೆ ತೊಗರಿಬೇಳೆ, ಕೊಬ್ಬರಿ. ಇನ್ನೊಂದು ಕಡೆ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ. ಅದನ್ನು ನೋಡಿ ನಾನು ಎಲ್‌ಪಿ, ಇಪಿ ಹುಡುಕಿ ಖಾಲಿ ಕ್ಯಾಸೆಟ್ಟಿಗೆ ಒಂದೊಂದೇ ಹಾಡು ಇಳಿಸಬೇಕು. ಹೆಚ್ಚು ಓಡುತ್ತಿದ್ದದ್ದು ಸಿ-60. ಒಂದು ಮಗ್ಗುಲಿಗೆ ಮೂವತ್ತು ನಿಮಿಷ, ಎರಡೂ ಸೇರಿ ಒಂದು ಗಂಟೆ. ನಾಲ್ಕು ನಿಮಿಷದ ಹಾಡಾದರೆ ಮಗ್ಗುಲಿಗೆ ಏಳು ಹಿಡಿಸುತ್ತದೆ, ಎರಡು ನಿಮಿಷ ಮಿಗುತ್ತದೆ. ಸಿ-90 ಕೂಡ ಸಿಗುತ್ತಿತ್ತು. ಆದರೆ ಅದರ ಟೇಪು ತೆಳು. ಹಳೇ ಟೇಪ್‌ರೆಕಾರ್ಡರಿನ ರೋಲರಿಗೆ ಸುತ್ತಿಕೊಂಡರೆ ಗಿರಾಕಿ ಮಿಷಿನನ್ನು ಬಿಟ್ಟು ನನ್ನನ್ನು ಬೈಯುತ್ತಿದ್ದ.

ಹೀಗೆ ರೆಕಾರ್ಡಿನಿಂದ ಇಳಿಸಿ ದುಡ್ಡು ತೆಗೆದುಕೊಳ್ಳುವುದು ಕಾನೂನಿಗೆ ಒಪ್ಪುವ ಕಸುಬೇನಲ್ಲ. 1984ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆಯನ್ನೂ ಬಿಗಿ ಮಾಡಿದರು. ಆದರೂ ಎಲ್ಲ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರವೂ ಇಂಥದ್ದೊಂದು ಅಂಗಡಿ ಇದ್ದೇ ಇತ್ತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಈಚೆಗೆ ಫೋನ್ ಮಾಡಿದ್ದಳು. “ಮಾವ, ನಿಮಗೆ ತುಂಬ ಇಷ್ಟವಾದ ಹತ್ತು ಹಾಡು ಬರೆದು ಕಳಿಸಿ. ಯಾಕಿಷ್ಟ ಅಂತಾನೂ ಬರೀಬೇಕು, ಸುಮ್ನೆ ಹೆಸರು ಬೇಡ” ಅಂದಳು. ಊರವರ ಪಟ್ಟಿಯನ್ನೆಲ್ಲ ತುಂಬಿಸಿ ಕೊಟ್ಟವನಿಗೆ ಹತ್ತು ಹಾಡು ಯಾವ ಲೆಕ್ಕ? ಹತ್ತು ಬರೆಯುವುದು ಕಷ್ಟವಾಗಲೂ ಇಲ್ಲ. ‘ಯಾಕೆ’ ಅನ್ನುವ ಕಡೆ ಪೆನ್ನು ನಿಂತಿತು. ಸಾಹಿತ್ಯ ಚೆನ್ನಾಗಿದೆ, ರಾಗ ಮಧುರವಾಗಿದೆ ಅಂತ ಬರೆದರೆ ಎಲ್ಲ ಹಾಡಿಗೂ ಅದೇ ಹೊಂದುತ್ತದೆ. ಎಲ್ಲದಕ್ಕೂ ಹೊಂದುವ ಕಾರಣ ಯಾವುದಕ್ಕೂ ಕಾರಣವಲ್ಲ. ಆಗ ನನ್ನ ನೆರವಿಗೆ ಬಂದವರು ಹಳೇ ಗಿರಾಕಿಗಳು.

ಅವರ ಚೀಟಿಗಳಲ್ಲಿ ಮೇಲಿನ ಮೂರು ನಾಲ್ಕು ಹಾಡು ಮರ್ಯಾದೆಯವು. ಮೊದಲು ದೇವರದ್ದೊಂದು, ಆಮೇಲೆ ರಾಜ್‌ಕುಮಾರ್ ಅವರದ್ದು, ಆಮೇಲೆ ಮನೆಯವರು ಹೇಳಿ ಕಳಿಸಿದ್ದು. ಅವರ ಸ್ವಂತ ಹಾಡು ಎಲ್ಲಕ್ಕಿಂತ ಕೆಳಗೆ, ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ ಇರುತ್ತಿತ್ತು. ಕೆಲವರು ಅದನ್ನು ಬರೆಯುತ್ತಲೂ ಇರಲಿಲ್ಲ. ಅಂಗಡಿಯ ಮೆಟ್ಟಿಲು ಇಳಿದು ಹೋಗುವಾಗ ತಿರುಗಿ, “ಜಾಗ ಮಿಕ್ಕಿದ್ರೆ ಇದೊಂದು ಹಾಕ್ಬುಡಿ” ಅನ್ನುತ್ತಿದ್ದರು. ಆ ‘ಜಾಗ ಮಿಕ್ಕಿದರೆ’ ಹಾಡನ್ನು ನಾನು ಒಂದನೇ ಮಗ್ಗುಲಿನ ಎರಡನೆಯದಾಗಿ ಹಾಕಿಬಿಡುತ್ತಿದ್ದೆ. ಯಾರೂ ಬಂದು ತಕರಾರು ಮಾಡಿದ್ದಿಲ್ಲ.

ಅದರಲ್ಲೂ ನೆನಪಿನಲ್ಲಿ ಉಳಿದವನು ಕಟ್ಟೆಮಳಲವಾಡಿ ಕಡೆಯ ಒಬ್ಬ ರೈತ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಹೊಗೆಸೊಪ್ಪಿನ ಸೀಮೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಒಣಗಿಸುವ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಉರಿ ಆರುವಂತಿಲ್ಲ. ಶಾಖ ಹೆಚ್ಚಾದರೂ ಸೊಪ್ಪು ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಥರ್ಮಾಮೀಟರ್ ನೋಡಿಕೊಂಡು, ಒಲೆ ಬಾಯಿಗೆ ಸೌದೆ ತಳ್ಳಿಕೊಂಡು ಒಬ್ಬ ಎದ್ದಿರಲೇಬೇಕು. ಈತ ಬಂದು, “ಅಣ್ಣ, ನಿದ್ದೆ ಹತ್ತಬಾರ್ದು, ಅಂಗಂತ ಗಲಾಟೆನೂ ಆಗ್ಬಾರ್ದು. ಅಂಥವ ನೋಡಿ ಹಾಕ್ಕೊಡಿ” ಅಂದ. ಯಾವುದಾದರೂ ಒಂದು ಹೇಳಪ್ಪ, ಅದೇ ದಾರಿಯಲ್ಲಿ ಹುಡುಕ್ತೀನಿ ಅಂದೆ. “ಹೆಸ್ರು ಗೊತ್ತಿಲ್ಲ. ಸತ್ಯ ಹರಿಶ್ಚಂದ್ರದಲ್ಲಿ ಸುಡುಗಾಡು ಕಾಯೋನು ಹಾಡ್ತಾನಲ್ಲ, ಅದ್ರಲ್ಲಿ ಗಂಟ್ಲು ಮೇಲಕ್ಕೆತ್ತೋ ಜಾಗ ಅದೆ ನೋಡಿ. ಅದು ಬಂದ್ರೆ ಕಣ್ಣು ತಾನಾಗೇ ಬಿಟ್ಕೋತದೆ.”

ಇಷ್ಟದ ಹಾಡನ್ನು ವಿವರಿಸುವುದು ಅಂದರೆ ಇದೇ. ಇಡೀ ಹಾಡನ್ನು ಹೊಗಳುವ ಗೋಜಿಗೆ ಅವನು ಹೋಗಲಿಲ್ಲ. ಒಂದು ಜಾಗಕ್ಕೆ ಬೆರಳಿಟ್ಟ, ಆ ಜಾಗ ತನಗೇನು ಮಾಡುತ್ತದೆ ಅಂತ ಹೇಳಿದ. ನಾನೂ ಹಾಗೇ ಮಾಡಿದೆ. ಬರೆದಿದ್ದ ಹತ್ತನ್ನೂ ಒಂದೊಂದಾಗಿ ಕೇಳಿ, ಬೆರಳಿಡುವ ಜಾಗ ಸಿಗದಿದ್ದದ್ದನ್ನು ಹೊಡೆದುಹಾಕಿದೆ. ಎಲ್ಲರೂ ಮೆಚ್ಚುತ್ತಾರೆ ಅಂತ ನಾನೂ ಮೆಚ್ಚಿಕೊಂಡಿದ್ದ ಹಾಡುಗಳೆಲ್ಲ ಆ ಏಟಿಗೆ ಉದುರಿದವು.

ಆ ರೈತನ ಹಾಡು ನನ್ನ ಪಟ್ಟಿಯಲ್ಲಿ ಮೊದಲನೆಯದು. 1965ರ ಚಿತ್ರ. ಹಾಡಿದವರು ಘಂಟಸಾಲ, ಸಂಗೀತ ಪೆಂಡ್ಯಾಲ ನಾಗೇಶ್ವರರಾವ್, ತೆರೆಯ ಮೇಲೆ ವೀರಬಾಹುವಾಗಿ ಮೈಸೂರಿನ ಪೈಲ್ವಾನ್ ಎಂ.ಪಿ. ಶಂಕರ್. ಜಾತಿಯಲ್ಲಿ ಮೇಲು ಕೀಳು ಎಲ್ಲಿಂದ ಬಂತು ಅಂತ ಸುಡುಗಾಡು ಕಾಯುವವನ ಬಾಯಲ್ಲಿ ಕೇಳಿಸುವ ಹಾಡು ಅದು. ಅದನ್ನು ಬರೆದು, ಆ ಚಿತ್ರವನ್ನು ನಿರ್ದೇಶಿಸಿದವರು ನಮ್ಮೂರ ಹೆಸರನ್ನೇ ಮುಂದೆ ಇಟ್ಟುಕೊಂಡಿದ್ದ ಹುಣಸೂರು ಕೃಷ್ಣಮೂರ್ತಿ. ಕಂಪನಿ ನಾಟಕದಲ್ಲಿ ಪಳಗಿ ಸಿನಿಮಾಕ್ಕೆ ಹೋದವರು. ಅಂಗಡಿಯಲ್ಲಿ ಕೂತು ಎಷ್ಟೋ ಗಿರಾಕಿಗಳಿಗೆ ರೆಕಾರ್ಡಿನ ಲೇಬಲ್ ತೋರಿಸಿ, ನೋಡಿ ಇದು ಬರೆದದ್ದು ಯಾರು ಅಂತ ಹೇಳಿದ್ದೀನಿ. ಹಾಡು ಬಾಯಿಪಾಠ ಇದ್ದವರಿಗೂ ಅದು ಹೊಸ ಸಂಗತಿ! ಹಾಡಿದವರ ಹೆಸರು ರೇಡಿಯೋದಿಂದ ಮನೆಮನೆಗೆ ಬರುತ್ತದೆ, ನಟನ ಮುಖ ಗೋಡೆಗೆ ಬರುತ್ತದೆ. ಬರೆದವನು ಲೇಬಲ್ಲಿನ ಸಣ್ಣ ಅಕ್ಷರದಲ್ಲೇ ಉಳಿಯುತ್ತಾನೆ.

ಘಂಟಸಾಲರ ದನಿಯ ಗುಟ್ಟು ನನಗೆ ತಿಳಿದದ್ದು ಮೈಕ್ ಸೆಟ್ಟಿನಿಂದ. ಅಂಗಡಿಯ ಜೊತೆಗೆ ಮದುವೆ, ಹಬ್ಬಕ್ಕೆ ಮೈಕ್ ಸೆಟ್ಟನ್ನೂ ಬಾಡಿಗೆಗೆ ಕೊಡುತ್ತಿದ್ದೆ. ತೆಂಗಿನ ಮರಕ್ಕೆ ಕಟ್ಟಿದ ಹಾರ್ನಿನಲ್ಲಿ ತಗ್ಗಿನ ಸ್ವರ ಬರುವುದೇ ಇಲ್ಲ. ತಬಲಾದ ಎಡ, ಡಬಲ್ ಬೇಸ್ ಎಲ್ಲ ಅಲ್ಲೇ ಸತ್ತು, ನಡುವಿನ ಮತ್ತು ಮೇಲಿನ ಸ್ವರ ಮಾತ್ರ ಗದ್ದೆ ದಾಟಿ ಹೋಗುತ್ತವೆ. ಗಂಟಲು ಬಿಟ್ಟು ಹಾಡುವ ಘಂಟಸಾಲ ಮುಂದಿನ ಊರಿಗೂ ಕೇಳಿಸುತ್ತಿದ್ದರು. ಪಿ.ಬಿ. ಶ್ರೀನಿವಾಸರನ್ನು ಅದೇ ಹಾರ್ನಿಗೆ ಹಾಕಿದರೆ ಅವರ ಅರ್ಧ ಸೊಗಸು ಚಪ್ಪರದ ಆಚೆಗೆ ಹೋಗುತ್ತಿರಲಿಲ್ಲ. ಅವರನ್ನು ರಾತ್ರಿ ಹೊತ್ತು ಹಾಸಿಗೆಯ ಪಕ್ಕ, ವಾಲ್ಯೂಮ್ ತಗ್ಗಿಸಿ ಕೇಳಬೇಕು. ದೂರದಿಂದ ಕೇಳುವ ಹಾಡು ಬೇರೆ, ಹತ್ತಿರದಿಂದ ಕೇಳುವ ಹಾಡು ಬೇರೆ. ಹುಡುಗಿಗೆ ಕಳಿಸಿದ ಪಟ್ಟಿಯಲ್ಲಿ ಪ್ರತಿ ಹಾಡಿನ ಮುಂದೆ ಎಷ್ಟು ದೂರದಿಂದ ಕೇಳಬೇಕು ಅಂತಾನೂ ಬರೆದೆ. “ಮಾವ, ನಾನು ಕೇಳೋದು ಇಯರ್‌ಫೋನಲ್ಲಿ” ಅಂತ ನಕ್ಕಳು.

ಶ್ರೀನಿವಾಸರದ್ದು ಮೊದಲು ಎರಡು ಇಟ್ಟುಕೊಂಡೆ, ಎರಡೂ ಹುಣಸೂರು ಕೃಷ್ಣಮೂರ್ತಿಯವರು ಬರೆದವೇ. ಒಂದು 1974ರ ಭಕ್ತ ಕುಂಬಾರದಲ್ಲಿ ದೇಹದ ನಶ್ವರತೆ ಹೇಳುವ ಹಾಡು. ಮೂಳೆ ಮಾಂಸದ ಮಾತನ್ನು ಅವರು ಹೆದರಿಸುವ ಹಾಗೆ ಹೇಳುವುದಿಲ್ಲ. ದನಿ ಏರಿಸದೆ, ಮನೆಯ ಹಿರಿಯರು ಕೂರಿಸಿಕೊಂಡು ಹೇಳಿದ ಹಾಗೆ ಹೇಳುತ್ತಾರೆ. ನನ್ನ ಬೆರಳು ಆ ಏರಿಸದ ದನಿಯ ಮೇಲೆ. ಇನ್ನೊಂದು 1972ರ ಬಂಗಾರದ ಮನುಷ್ಯದಲ್ಲಿ, ಏನೇ ಬಂದರೂ ನಗುತ್ತಿರು ಅನ್ನುವ ಹಾಡು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ ಅದು. ನಮ್ಮ ಕಡೆ ರೈತರಿಗೆ ಅದರ ಬೇರೆ ಹಾಡುಗಳೇ ಹೆಚ್ಚು ಪ್ರೀತಿ, ದುಡಿಮೆ ಮಾಡು ಅನ್ನುವವು. ನನಗೆ ಇದೇ ಮೇಲು. ಹರಿಶ್ಚಂದ್ರ, ಕುಂಬಾರ, ಬಂಗಾರದ ಮನುಷ್ಯ ಮೂರನ್ನೂ ಸಾಲಾಗಿ ಕೇಳಿದಾಗ ಗೊತ್ತಾಯಿತು: ಮೂರರಲ್ಲೂ ಒಂದೇ ತಲೆ ಕೆಲಸ ಮಾಡಿದೆ. ತತ್ವಪದದವರ ಮಾತನ್ನು ಈ ಮನುಷ್ಯ ಒಂದು ಸಲ ಸುಡುಗಾಡಿನಲ್ಲಿ, ಒಂದು ಸಲ ಮಡಕೆ ಮಾಡುವ ಮಣ್ಣಿನ ಹತ್ತಿರ, ಒಂದು ಸಲ ನಗುನಗುತ್ತಲೇ ಹೇಳಿದ್ದಾರೆ. ಬಿಡಿಬಿಡಿಯಾಗಿ ಅಷ್ಟು ವರ್ಷ ಕೇಳಿದಾಗ ಇದು ಹೊಳೆದಿರಲಿಲ್ಲ. ಪಟ್ಟಿ ಮಾಡುವುದರಿಂದ ನನಗೆ ಸಿಕ್ಕ ದೊಡ್ಡ ಲಾಭ ಇದು.

ಎಲ್ಲಕ್ಕಿಂತ ಕಷ್ಟವಾದದ್ದು ನೆನಪಿನ ಹಾಡನ್ನು ಕೈಬಿಡುವುದು. 1974ರ ಎರಡು ಕನಸು ಚಿತ್ರದಲ್ಲಿ ಶ್ರೀನಿವಾಸ್ ಮತ್ತು ವಾಣಿ ಜಯರಾಂ ಹಾಡಿದ ಯುಗಳಗೀತೆ ನನ್ನ ಮದುವೆಯಲ್ಲಿ ಬೆಳಗಿನಿಂದ ಮೊಳಗಿತ್ತು. ಸಂಗೀತ ನಮ್ಮ ಮೈಸೂರಿನ ರಾಜನ್-ನಾಗೇಂದ್ರ ಸೋದರರದ್ದು, ಅದರ ಮಾಧುರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಹಾಡು ಬಂದರೆ ನನಗೆ ಚಪ್ಪರ ಕಾಣುತ್ತದೆ, ಬಡಿಸುವ ನಮ್ಮ ಚಿಕ್ಕಪ್ಪ ಕಾಣುತ್ತಾನೆ. ಹಾಡು ಮಾತ್ರ ಕಿವಿಗೆ ಬೀಳುವುದಿಲ್ಲ. ನನ್ನ ಮದುವೆಗೆ ಬಾರದಿದ್ದ ಹುಡುಗಿಗೆ ಅದನ್ನು ಹೇಗೆ ವಿವರಿಸಲಿ? ಚಿಕ್ಕಪ್ಪನ ಕಥೆ ಹೇಳಬಹುದು, ಅದು ಹಾಡಿನ ಕಾರಣ ಆಗುವುದಿಲ್ಲ. ಹಾಗಾಗಿ ಅಂಥವಕ್ಕೆ ಬೇರೆ ಹಾಳೆ ಮಾಡಿ ಮನೆಯಲ್ಲೇ ಇಟ್ಟುಕೊಂಡೆ. ನನ್ನ ಹೆಂಡತಿಗೆ ಇದು ಇನ್ನೂ ಒಪ್ಪಿಗೆಯಿಲ್ಲ.

ಪಿರಿಯಾಪಟ್ಟಣದವರು ಅಂಗಡಿಗೆ ಬಂದರೆ ನಿರ್ದೇಶಕ ಪುಟ್ಟಣ್ಣ ಕಣಗಾಲರ ಸಿನಿಮಾದ ಹಾಡು ಕೇಳುವಾಗ ದನಿಯಲ್ಲಿ ಒಂದು ಹಕ್ಕು ಇರುತ್ತಿತ್ತು. ಕಣಗಾಲು ಅವರದೇ ತಾಲ್ಲೂಕಿನ ಹಳ್ಳಿ. ಪುಟ್ಟಣ್ಣ ಮತ್ತು ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಜೋಡಿಯಿಂದ ನಾನು ಎರಡು ಆರಿಸಿದೆ. ಗೆಜ್ಜೆಪೂಜೆಯಲ್ಲಿ ಜಾನಕಿ ಹಾಡಿದ ಸಂತೋಷದ ಹಾಡು ಒಂದು. ಅಷ್ಟು ದುಃಖದ ಕಥೆಯ ನಡುವೆ, ಮುಂದೇನು ಕಾದಿದೆ ಅಂತ ಗೊತ್ತಿಲ್ಲದ ಹುಡುಗಿಯ ಹಿಗ್ಗು ಅದು. ಸಿನಿಮಾ ನೋಡಿದ ಮೇಲೆ ಅದನ್ನು ಬರೀ ಸಂತೋಷವಾಗಿ ಕೇಳಲು ಯಾರಿಗೂ ಆಗುವುದಿಲ್ಲ, ಆದರೆ ಜಾನಕಿ ಮಾತ್ರ ಎಲ್ಲೂ ಮುಂದಿನದನ್ನು ಬಿಟ್ಟುಕೊಡುವುದಿಲ್ಲ. ಇನ್ನೊಂದು ನಾಗರಹಾವಿನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ರಾಮಾಚಾರಿಯ ಸೇಡಿನ ಹಾಡು. ಅದಕ್ಕೆ ಕಾರಣ ಬರೆಯುವ ಅಗತ್ಯವೇ ಇಲ್ಲ, ಒಂದು ಸಲ ಹಾಕಿ ನೋಡಿ.

ರಾಜ್‌ಕುಮಾರ್ ಅವರೇ ಹಾಡಿದ್ದರಲ್ಲಿ ಸಂಪತ್ತಿಗೆ ಸವಾಲ್‌ನ ಎಮ್ಮೆ ಹಾಡು. ಶ್ರೀನಿವಾಸ್ ಬರಲಾಗದೆ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು ನಟನಿಂದಲೇ ಹಾಡಿಸಿದರು ಅನ್ನುವುದು ಕನ್ನಡದವರಿಗೆಲ್ಲ ಗೊತ್ತಿರುವ ಕಥೆ. ನನ್ನ ಬೆರಳು ಅದರ ನಡುವೆ ಬರುವ ಎಮ್ಮೆ ಹೊಡೆಯುವ ಕೂಗಿನ ಮೇಲೆ. ಎಮ್ಮೆ ಮೇಯಿಸಿದವರ ಗಂಟಲಿನಿಂದ ಬರುವ ಕೂಗೇ ಅದು. ಸ್ಟುಡಿಯೋದ ಕೂಗು ಅಲ್ಲವೇ ಅಲ್ಲ. ಕೆ.ಆರ್. ನಗರದ ಒಬ್ಬ ಗಿರಾಕಿ ಹಾಡಿಗಿಂತ ಆ ಕೂಗನ್ನೇ ಚೆನ್ನಾಗಿ ಹಾಡಿ ತೋರಿಸುತ್ತಿದ್ದ. ಜನಪದದ ಮಟ್ಟಿನದ್ದು ಒಂದಿರಲಿ ಅಂತ 1996ರ ಜನುಮದ ಜೋಡಿಯಿಂದ ಎಲ್.ಎನ್. ಶಾಸ್ತ್ರಿ ಹಾಡಿದ ಜಂಗಮನ ಹಾಡು. ಸಿನಿಮಾದ್ದೇ ಆಗಬೇಕು ಅಂತ ಅವಳು ಹೇಳಿರಲಿಲ್ಲವಲ್ಲ, ಮೈಸೂರು ಅನಂತಸ್ವಾಮಿಯವರ ನಿತ್ಯೋತ್ಸವ ಕ್ಯಾಸೆಟ್ಟಿನಿಂದಲೂ ಒಂದು ಸೇರಿಸಿದೆ. ಎಚ್.ಡಿ. ಕೋಟೆಯವರು ತಪ್ಪದೆ ಕೇಳುತ್ತಿದ್ದ ಗಂಧದ ಗುಡಿಯ ಜೀಪಿನ ಹಾಡು ಕೊನೆಯ ಗಳಿಗೆಯಲ್ಲಿ ಒಳಗೆ ಬಂತು.

ಈಗ ಅನುಕ್ರಮ. ಕ್ಯಾಸೆಟ್ಟಿನಲ್ಲಿ ಅದೇ ಅರ್ಧ ಕಸುಬು. ಮಗ್ಗುಲಿನ ಕೊನೆಗೆ ಉದ್ದನೆ ಹಾಡು ಹಾಕಿದರೆ ಟೇಪು ಮುಗಿದು ಚರಣದ ನಡುವೆಯೇ ಕತ್ತರಿಸುತ್ತದೆ. ಅದಕ್ಕೇ ನಾನೊಂದು ನೋಟ್‌ಬುಕ್ಕಿನಲ್ಲಿ ಯಾವ ಹಾಡು ಎಷ್ಟು ನಿಮಿಷ ಎಷ್ಟು ಸೆಕೆಂಡು ಅಂತ ಬರೆದಿಟ್ಟುಕೊಂಡು, ಕೊನೆಗೆ ಗಿಡ್ಡ ಹಾಡು ಜೋಡಿಸುತ್ತಿದ್ದೆ. ಎರಡು ದುಃಖದ ಹಾಡು ಒಟ್ಟಿಗೆ ಬರಬಾರದು. ಗಂಡಸಿನ ದನಿಯಲ್ಲಿ ಮೂರಾದ ಮೇಲೆ ಜಾನಕಿ ಬರಬೇಕು, ಇಲ್ಲದಿದ್ದರೆ ಕಿವಿ ಮಂಕಾಗುತ್ತದೆ. ಜಾಗದ ಇಕ್ಕಟ್ಟೇ ಜನರಿಂದ ಆಯ್ಕೆ ಮಾಡಿಸುತ್ತಿತ್ತು. ಒಂದು ಹಾಡು ಬರಬೇಕಾದರೆ ಇನ್ನೊಂದು ಹೋಗಬೇಕು. ಗಂಡ ಹೆಂಡತಿ ನನ್ನ ಕೌಂಟರಿನ ಮುಂದೆಯೇ ಅದಕ್ಕೆ ಜಗಳವಾಡಿದ್ದುಂಟು. ಆಮೇಲೆ ಮೊಬೈಲ್ ಅಂಗಡಿಗಳು ಬಂದವು. ಮೆಮೊರಿ ಕಾರ್ಡ್ ಕೊಟ್ಟು ‘ಹಳೇದು ತುಂಬಿಸಿ’ ಅಂದರೆ ಮುಗಿಯಿತು, ನೂರಾರು ಹಾಡು. ಅಲ್ಲಿಗೆ ಪಟ್ಟಿ ಬರೆಯುವವರೇ ಇಲ್ಲವಾದರು. ನಿಜ ಹೇಳಬೇಕೆಂದರೆ ಅದು ಶುರುವಾದದ್ದು ಮೊಬೈಲಿಗಿಂತ ಮೊದಲೇ, 1987ರಲ್ಲಿ. ಹಂಸಲೇಖರ ಪ್ರೇಮಲೋಕ ಬಂದಾಗ ಹುಡುಗರು ಒಂದು ಹಾಡು ಕೇಳುತ್ತಿರಲಿಲ್ಲ, ಲಹರಿಯವರ ಇಡೀ ಕ್ಯಾಸೆಟ್ಟೇ ಬೇಕು. ಆರಿಸುವ ಕೆಲಸವನ್ನು ಕಂಪನಿಯೇ ಮಾಡಿ ಡಬ್ಬಿಗೆ ಹಾಕಿ ಕೊಡುತ್ತಿತ್ತು.

ನನ್ನ ಪಟ್ಟಿ ಮನೆಮಂದಿಯ ಕೈಗೆಲ್ಲ ಹೋಗಿದೆ. ತಂಗಿ ಫೋನ್ ಮಾಡಿ, “ಅಲ್ಲಣ್ಣ, ಪ್ರೇಮಲೋಕದ್ದು ಒಂದೂ ಇಲ್ವಲ್ಲ? ನಿನ್ನ ಅಂಗಡಿ ಸಾಲ ತೀರಿದ್ದೇ ಆ ಕ್ಯಾಸೆಟ್ಟಿಂದ” ಅಂತ ಬೈದಳು. ಸಾಲ ತೀರಿಸಿದ್ದು ನಿಜ, ಬೆರಳಿಡುವ ಜಾಗ ನನಗೆ ಸಿಗಲಿಲ್ಲ ಅಂದೆ. “ನಿಂಗೆ ಸಿಗದಿದ್ರೆ ನಂಗೆ ಸಿಗ್ತದೆ ಬಿಡು” ಅಂದವಳೇ ಮಗಳಿಗೆ ಹೇಳಿ ಹನ್ನೊಂದನೆಯದಾಗಿ ಒಂದನ್ನು ಸೇರಿಸಿದ್ದಾಳೆ. ಮಗಳು ಅಲ್ಲೂ ಬಿಟ್ಟಿಲ್ಲ, ಯಾಕಿಷ್ಟ ಅಂತ ಅಮ್ಮನನ್ನೇ ಬರೆಯಲು ಕೂರಿಸಿದ್ದಾಳಂತೆ. ದೀಪಾವಳಿಗೆ ಬಂದಾಗ ಓದಿ ತೋರಿಸುತ್ತೇನೆ ಅಂದಿದ್ದಾಳೆ ತಂಗಿ.