ಗಾಳಿ ಹೊರಬೀಳದ ಟ್ಯಾಂಕ್‌ಗೆ ಪೆಟ್ರೋಲ್ ಇಳಿಯದು

ಟ್ಯಾಂಕ್ ಅರ್ಧವೂ ತುಂಬಿರುವುದಿಲ್ಲ, ಬಂಕ್‌ನ ಗನ್ ‘ಟಕ್’ ಎಂದು ಕಟ್ ಆಗುತ್ತದೆ. ಮತ್ತೆ ಒತ್ತಿದರೆ ಅರ್ಧ ಲೀಟರ್ ಇಳಿದು ಮತ್ತೆ ಟಕ್. ಹಿಂದಿನ ಗಾಡಿಯವರು ಹಾರ್ನ್ ಹೊಡೆಯತೊಡಗುತ್ತಾರೆ. ಕಾರಿನ ಈ ತೊಂದರೆಗೆ ಪೆಟ್ರೋಲ್ ಒಳಹೋಗುವ ದಾರಿ ಕಾರಣವಾಗಿರುವುದು ಕಡಿಮೆ. ಒಳಗಿನ ಗಾಳಿ ಹೊರಬರುವ ದಾರಿ ಕಟ್ಟಿರುವುದೇ ಹೆಚ್ಚು.

ಗನ್ನಿನಿಂದ ನಿಮಿಷಕ್ಕೆ 30ರಿಂದ 40 ಲೀಟರ್‌ವರೆಗೂ ಇಂಧನ ಬರಬಲ್ಲದು. ಅಂದರೆ ಸೆಕೆಂಡಿಗೆ ಅರ್ಧ ಲೀಟರಿನಷ್ಟು ಗಾಳಿ ಮತ್ತು ಆವಿ ಅದೇ ವೇಗದಲ್ಲಿ ಜಾಗ ಖಾಲಿ ಮಾಡಬೇಕು. ಬಾಟಲಿಯ ಬಾಯಿಗೆ ಲಾಳಿಕೆಯನ್ನು ಒತ್ತಿಟ್ಟು ಎಣ್ಣೆ ಸುರಿದರೆ ಅದು ಲಾಳಿಕೆಯಲ್ಲೇ ನಿಂತುಬಿಡುತ್ತದೆ, ಲಾಳಿಕೆಯನ್ನು ತುಸು ಎತ್ತಿದೊಡನೆ ಗಳಗಳನೆ ಇಳಿಯುತ್ತದೆ. ಟ್ಯಾಂಕ್‌ನ ಕತೆಯೂ ಇದೇ. ಗನ್ನಿನ ಮೂತಿಯ ತುದಿಯನ್ನು ಹತ್ತಿರದಿಂದ ನೋಡಿದರೆ ಚಿಕ್ಕದೊಂದು ತೂತು ಕಾಣುತ್ತದೆ. ಇಂಧನ ಹರಿಯುತ್ತಿರುವಷ್ಟು ಹೊತ್ತೂ ಆ ತೂತು ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಇಂಧನ ಮೇಲೇರಿ ತೂತನ್ನು ಮುಚ್ಚಿತೋ, ಹಿಡಿಯೊಳಗಿನ ಡಯಾಫ್ರಂ ಎಳೆದುಕೊಂಡು ಲಿವರ್ ಕಳಚುತ್ತದೆ. ನಿಜಕ್ಕೂ ಟ್ಯಾಂಕ್ ತುಂಬಿದೆಯೋ ಅಥವಾ ಗಾಳಿ ಹೊರಬೀಳದೆ ಕುತ್ತಿಗೆಯಲ್ಲಿ ಪೆಟ್ರೋಲ್ ಉಕ್ಕಿ ನಿಂತಿದೆಯೋ ಎಂಬುದು ಗನ್ನಿಗೆ ಗೊತ್ತಾಗುವುದಿಲ್ಲ. ಅದನ್ನು ಕಂಡುಹಿಡಿಯಬೇಕಾದವರು ಕಾರಿನ ಮಾಲೀಕರು.

ಅಂಕೋಲಾ ಸಮೀಪದ ಬಾಳೆಗುಳಿಯಲ್ಲಿ ಹುಬ್ಬಳ್ಳಿ ಕಡೆಯ ರಾಷ್ಟ್ರೀಯ ಹೆದ್ದಾರಿ 52 ಅರಬೈಲ್ ಘಟ್ಟ ಇಳಿದು ಬಂದು ಕರಾವಳಿಯ ಹೆದ್ದಾರಿ 66ನ್ನು ಸೇರುತ್ತದೆ. ಈ ಭಾಗದಲ್ಲಿ ಓಡುವ ಕಾರುಗಳಿಗೆ ಈ ತೊಂದರೆ ಬರಲು ಕಾರಣಗಳು ಕೈಗೆಟಕುವಷ್ಟು ಹತ್ತಿರದಲ್ಲೇ ಇವೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಮತ್ತು ಅದು ಎರಚುವ ಕೆಂಪು ಕೆಸರು ಒಂದು. ಕಬ್ಬಿಣವನ್ನು ಬಿಡದೆ ತಿನ್ನುವ ಉಪ್ಪುಗಾಳಿ ಇನ್ನೊಂದು. ಮೂರನೆಯದು ಜನರೇ ಮಾಡಿಕೊಂಡದ್ದು: ಗೋವಾದಲ್ಲಿ ದರ ಕಡಿಮೆ ಎಂದು ಗಡಿಯಾಚೆಯ ಪೋಳೆಂವರೆಗೆ ಹೋಗಿ, ಗನ್ ಕಟ್ ಆದ ಮೇಲೂ ಕುತ್ತಿಗೆವರೆಗೆ ತುಂಬಿಸಿಕೊಂಡು ಬರುವ ರೂಢಿ. ಆ ಉಳಿತಾಯಕ್ಕಿಂತ ದೊಡ್ಡ ಬಿಲ್ಲು ಮುಂದೆ ಬರಬಹುದು.

ಮೊದಲು ಬಂಕ್, ಆಮೇಲೆ ಕಾರು

ಗ್ಯಾರೇಜಿಗೆ ಹೋಗುವ ಮುನ್ನ ದೋಷ ಕಾರಿನದೇ ಎಂದು ಖಾತ್ರಿಯಾಗಬೇಕು. ಬೇರೆ ಬೇರೆ ಎರಡು ಬಂಕ್‌ಗಳಲ್ಲಿ, ಸಾಧ್ಯವಾದರೆ ಟ್ಯಾಂಕ್ ಕಾಲುಭಾಗಕ್ಕೆ ಇಳಿದಾಗ ತುಂಬಿಸಿ ನೋಡಬೇಕು. ಒಂದೇ ಕಡೆ ಕಟ್ ಆಗಿ ಇನ್ನೊಂದು ಕಡೆ ಸಲೀಸಾಗಿ ಇಳಿದರೆ ಆ ಗನ್ನಿನ ವೇಗವೋ ಅದರ ತೂತಿನಲ್ಲಿ ಕುಳಿತ ಕಸವೋ ಕಾರಣ. ಹೆದ್ದಾರಿ ಬದಿಯ ಬಂಕ್‌ಗಳಲ್ಲಿ ಲಾರಿಗಳಿಗೆಂದೇ ಇರುವ ದಪ್ಪ ಮೂತಿಯ, ಹೆಚ್ಚು ವೇಗದ ಡೀಸೆಲ್ ಗನ್‌ಗಳಿರುತ್ತವೆ. ಡೀಸೆಲ್ ಕಾರಿಗೆ ಅದನ್ನು ಹಿಡಿದರೆ ಕಟ್ ಆಗುವುದು ಸಹಜವೇ. ಡೀಸೆಲ್‌ಗೆ ನೊರೆಯ ಗುಣವೂ ಇದೆ. ಆ ನೊರೆ ತೂತಿಗೆ ತಗುಲಿದರೂ ಸಾಕು. ಕೊನೆಯ ಐದಾರು ಲೀಟರ್ ನಿಧಾನವಾಗಿ ಬಿಡುವುದಷ್ಟೇ ಇದಕ್ಕಿರುವ ಉಪಾಯ.

ಗನ್ ಹಿಡಿಯುವ ಕೋನವೂ ಲೆಕ್ಕಕ್ಕೆ ಬರುತ್ತದೆ. ಕೆಲವು ಕಾರುಗಳ ಕುತ್ತಿಗೆ ಬೇಗ ಬಾಗುವುದರಿಂದ ಧಾರೆ ನೇರ ಗೋಡೆಗೆ ಬಡಿದು ಹಿಂದಕ್ಕೆ ಚಿಮ್ಮುತ್ತದೆ. ಗನ್ನನ್ನು ಕಾಲು ಸುತ್ತು ತಿರುಗಿಸಿ ಅಥವಾ ಒಂದಿಂಚು ಹೊರಗೆಳೆದು, ಲಿವರನ್ನು ಅರ್ಧ ಮಾತ್ರ ಒತ್ತಲು ಬಂಕ್‌ನ ಹುಡುಗನಿಗೆ ಹೇಳಬೇಕು. ಇದರಿಂದ ಸರಿಹೋದರೆ, ಮತ್ತು ಕಾರು ಹೊಸದಾಗಿದ್ದಾಗಿನಿಂದಲೂ ಹೀಗೇ ಇದ್ದರೆ, ಅದು ಆ ಕಾರಿನ ವಿನ್ಯಾಸದ ಗುಣ; ರಿಪೇರಿಯ ವಿಷಯವಲ್ಲ. ಈಚೆಗೆ ಶುರುವಾದದ್ದಾದರೆ ಮುಂದಿನ ಹಂತಕ್ಕೆ ಹೋಗಬೇಕು.

ಇನ್ನೊಂದು ಸಾಧ್ಯತೆಯೂ ಉಂಟು. ಮುಳ್ಳು ‘ಅರ್ಧ’ ತೋರಿಸುತ್ತಿದ್ದರೂ ಟ್ಯಾಂಕ್ ನಿಜಕ್ಕೂ ತುಂಬಿರಬಹುದು, ಏಕೆಂದರೆ ಒಳಗಿನ ತೇಲುಗುಂಡು ಕೆಟ್ಟಿರುತ್ತದೆ. ಬಿಲ್ಲಿನಲ್ಲಿರುವ ಲೀಟರನ್ನು ಕೈಪಿಡಿಯಲ್ಲಿರುವ ಟ್ಯಾಂಕ್ ಅಳತೆಯೊಂದಿಗೆ ತಾಳೆ ಹಾಕಿದರೆ ಇದು ಬಯಲಾಗುತ್ತದೆ. ಸ್ವಿಫ್ಟ್‌ನ ಟ್ಯಾಂಕ್ 37 ಲೀಟರ್, ಕ್ರೆಟಾದ್ದು 50 ಲೀಟರ್. ಈ ಅಳತೆ ಆವಿಗಾಗಿ ಬಿಟ್ಟ ಜಾಗವನ್ನೂ ಕುತ್ತಿಗೆಯನ್ನೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಆದ್ದರಿಂದ ಕುತ್ತಿಗೆವರೆಗೆ ತುಂಬಿಸಿದಾಗ ಬಿಲ್ಲು ಅದಕ್ಕಿಂತ ಹೆಚ್ಚು ತೋರಿಸಿದ ಮಾತ್ರಕ್ಕೆ ಬಂಕ್‌ನವರು ಮೋಸ ಮಾಡಿದರು ಎಂದಾಗುವುದಿಲ್ಲ.

ಮುಚ್ಚಳ ತೆಗೆದಾಗಿನ ಸದ್ದು

ಬಿಸಿಲಲ್ಲಿ ನಿಂತ ಪೆಟ್ರೋಲ್ ಕಾರಿನ ಮುಚ್ಚಳ ತಿರುಗಿಸಿದಾಗ ‘ಉಸ್’ ಎಂದು ತುಸು ಆವಿ ಹೊರಬಂದರೆ ಅದು ಮಾಮೂಲು. ಜೋರಾಗಿ ಗಾಳಿ ಒಳಗೆ ಎಳೆದುಕೊಂಡರೆ ಮಾತ್ರ ಅನುಮಾನಿಸಬೇಕು. ಖರ್ಚಾಗುವ ಪ್ರತಿ ಲೀಟರ್ ಪೆಟ್ರೋಲಿನ ಜಾಗಕ್ಕೆ ಒಂದು ಲೀಟರ್ ಹೊರಗಾಳಿ ಬರಬೇಕು. ಬರುವ ದಾರಿ ಮುಚ್ಚಿದ್ದರೆ ಟ್ಯಾಂಕ್‌ನಲ್ಲಿ ನಿರ್ವಾತ ಉಂಟಾಗುತ್ತದೆ. ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಬಾಳೆಗುಳಿಗೆ ಇಳಿಯುವಷ್ಟರಲ್ಲಿ ಹೊರಗಿನ ವಾಯುಭಾರ ಶೇ 6ರಷ್ಟು ಏರಿರುತ್ತದೆ. ಹೀಗಾಗಿ ಉಸಿರುದಾರಿ ಕಟ್ಟಿದ ಕಾರು ಘಟ್ಟ ಇಳಿದು ಬಂದು ಬಂಕ್‌ಗೆ ನುಗ್ಗಿದಾಗ ಈ ಎಳೆತ ಎದ್ದುಕಾಣುತ್ತದೆ. ಆದರೆ ಸದ್ದಿಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ಎಷ್ಟೋ ಮುಚ್ಚಳಗಳಲ್ಲಿ ಒತ್ತಡ ಸರಿದೂಗಿಸುವ ಪುಟ್ಟ ವಾಲ್ವ್‌ಗಳಿದ್ದು, ಓಡುವಾಗಿನ ಎಳೆತವನ್ನು ಅವು ನಿಭಾಯಿಸಿಬಿಡುತ್ತವೆ.

ಕಟ್ ಆಗುವ ಹೊತ್ತು ಇದಕ್ಕಿಂತ ಸ್ಪಷ್ಟ ಸುಳಿವು. ಗನ್ ಇಟ್ಟೊಡನೆ, ನಿಧಾನ ಬಿಟ್ಟರೂ ಕಟ್ ಆದರೆ ಕುತ್ತಿಗೆಯಲ್ಲೋ ಗಾಳಿ ಮರಳುವ ಬ್ರೀದರ್ ಪೈಪಿನಲ್ಲೋ ಪೂರ್ತಿ ಅಡ್ಡಿ ಇದೆ. ಅರ್ಧವೋ ಮುಕ್ಕಾಲೋ ಆದ ಮೇಲೆ ಶುರುವಾದರೆ ಜೋತುಬಿದ್ದ ಪೈಪಿನ ತಗ್ಗಿನಲ್ಲಿ ಪೆಟ್ರೋಲ್ ನಿಂತಿರಬಹುದು, ಇಲ್ಲವೇ ಟ್ಯಾಂಕ್‌ನೊಳಗಿನ ತೇಲುವಾಲ್ವ್ ಅಂಟಿಕೊಂಡಿರಬಹುದು. ಕಟ್ ಆದ ಮೇಲೆ ಪೆಟ್ರೋಲ್ ಹೊರಗೆ ಉಗಿದುಬಂದರೆ ಟ್ಯಾಂಕ್ ಒಳಬಾಯಿಯ ಫ್ಲ್ಯಾಪ್ ಮುಚ್ಚಿಕೊಳ್ಳುತ್ತಿಲ್ಲ ಎಂದರ್ಥ.

ಕುತ್ತಿಗೆ ಮತ್ತು ಪೈಪುಗಳು

ಇಲ್ಲಿಂದ ಮುಂದಿನ ಕೆಲಸ ತೆರೆದ ಜಾಗದಲ್ಲಿ, ಎಂಜಿನ್ ತಣ್ಣಗಿರುವಾಗ, ಟ್ಯಾಂಕ್‌ನಲ್ಲಿ ಇಂಧನ ಕಡಿಮೆ ಇರುವಾಗ ನಡೆಯಬೇಕು. ಬೀಡಿ, ವೆಲ್ಡಿಂಗ್, ಉರಿಯುವ ಒಲೆ ಯಾವುದೂ ಹತ್ತಿರ ಇರಬಾರದು. ಕಾರನ್ನು ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ನುಸುಳುವುದು ಇನ್ನೊಂದು ಅಪಾಯ, ಸ್ಟ್ಯಾಂಡ್ ಕೊಡಲೇಬೇಕು. ಪೈಪ್ ಬಿಚ್ಚುವ ಮೊದಲು ಮುಚ್ಚಳ ತೆಗೆದು ಒತ್ತಡ ಬಿಡಬೇಕು.

ಮುಚ್ಚಳದ ಸುತ್ತಲ ಬಟ್ಟಲಿನ ತಳದಲ್ಲಿ ನೀರು ಹೊರಹೋಗಲು ಸಣ್ಣ ಕಂಡಿ ಇರುತ್ತದೆ. ಮಳೆಗಾಲದಲ್ಲಿ ಎಲೆಚೂರು, ಮಣ್ಣು ಸೇರಿ ಅದು ಮುಚ್ಚಿದರೆ ನಿಂತ ನೀರು ಕುತ್ತಿಗೆಯ ಅಂಚನ್ನು ತುಕ್ಕು ಹಿಡಿಸುತ್ತದೆ. ಕಬ್ಬಿಣದ ಕುತ್ತಿಗೆ ಇರುವ ಹಳೆ ಕಾರುಗಳಲ್ಲಿ ಈ ತುಕ್ಕಿನ ಚಕ್ಕೆ ಉದುರಿ ಫ್ಲ್ಯಾಪ್‌ಗೋ ಬ್ರೀದರ್ ಬಾಯಿಗೋ ಸಿಕ್ಕಿಕೊಳ್ಳುತ್ತದೆ. ಟಾರ್ಚ್ ಬಿಟ್ಟು ಕುತ್ತಿಗೆಯ ಬಾಯಲ್ಲಿರುವ ಫ್ಲ್ಯಾಪನ್ನು ಮರದ ಕಡ್ಡಿಯಿಂದ ಒತ್ತಿದರೆ ಅದು ಸರಾಗ ತೆರೆದು ತಾನೇ ಮುಚ್ಚಿಕೊಳ್ಳಬೇಕು.

ಬಳಿಕ ಇಂಧನ ಮುಚ್ಚಳ ಇರುವ ಬದಿಯ ಹಿಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಲೈನರ್ ಸರಿಸಿದರೆ ಬಹುತೇಕ ಕಾರುಗಳಲ್ಲಿ ಎರಡು ಪೈಪುಗಳು ಕಾಣುತ್ತವೆ. ದಪ್ಪನೆಯದು ಇಂಧನ ಇಳಿಯಲು, ತೆಳ್ಳನೆಯದು ಗಾಳಿ ಮರಳಲು. ಲೈನರ್ ಹಿಂದೆ ಗಟ್ಟಿಗಟ್ಟಿದ ಕೆಸರು ಪೈಪನ್ನು ಅಮುಕಿರಬಹುದು. ಡಿಕ್ಕಿಯಾಗಿ ಟಿಂಕರಿಂಗ್ ಮಾಡಿಸಿದ ಕಾರಿನಲ್ಲಿ ಪೈಪ್ ಮಡಿಚಿಕೊಂಡೇ ಕೂತಿರಬಹುದು. ಬೆರಳಿನಿಂದ ಉದ್ದಕ್ಕೂ ಒತ್ತುತ್ತ ಹೋದರೆ ರಬ್ಬರ್ ಮೆತ್ತಗಾಗಿ ಒಳಕ್ಕೆ ಕುಸಿದ ಜಾಗ ಕೈಗೆ ಸಿಗುತ್ತದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಹಳೆ ಕಾರುಗಳ ರಬ್ಬರ್ ಭಾಗಗಳ ಮೇಲೆ ಹೆಚ್ಚು ಕಣ್ಣಿಡುವುದು ಒಳ್ಳೆಯದು. ಬದಲಿಸುವಾಗ ಇಂಧನಕ್ಕೆಂದೇ ಮಾಡಿದ ಪೈಪ್ ಹಾಕಬೇಕು. ತೋಟದ ಪೈಪ್ ತುಂಡು ಸಿಕ್ಕಿಸಿ ಕಳಿಸುವ ‘ಅಡ್ಜಸ್ಟ್’ ರಿಪೇರಿ ಮೂರು ತಿಂಗಳೂ ಬಾಳದು, ಅಪಾಯ ಬೇರೆ.

ಇದ್ದಿಲ ಡಬ್ಬಿ

ಇಷ್ಟೂ ಸರಿಯಿದ್ದರೆ ಉಳಿಯುವ ಮುಖ್ಯ ಅನುಮಾನ ಚಾರ್‌ಕೋಲ್ ಕ್ಯಾನಿಸ್ಟರ್ ಮೇಲೆ. ಡೀಸೆಲ್ ಕಾರಿನಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಪೆಟ್ರೋಲ್ ಆವಿ ಹಾಗೇ ಹೊರಬೀಳಬಾರದೆಂದು ಅದನ್ನು ಸಕ್ರಿಯ ಇದ್ದಿಲು ತುಂಬಿದ ಈ ಡಬ್ಬಿಯ ಮೂಲಕ ಹಾಯಿಸುತ್ತಾರೆ. ಇದ್ದಿಲು ಆವಿಯನ್ನು ಹೀರಿಕೊಂಡು ಬರೀ ಗಾಳಿಯನ್ನು ಹೊರಬಿಡುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು ಆ ಆವಿಯನ್ನು ಎಂಜಿನ್ನಿಗೆ ಎಳೆದುಕೊಂಡು ಸುಡುತ್ತದೆ.

ಈ ಡಬ್ಬಿಗೆ ಎರಡು ಶತ್ರುಗಳು. ಮೊದಲನೆಯದು ದ್ರವ ಪೆಟ್ರೋಲ್. ಕಟ್ ಆದ ಮೇಲೂ ಒತ್ತೊತ್ತಿ ತುಂಬಿಸಿದರೆ ಆವಿಗೆಂದು ಬಿಟ್ಟ ಜಾಗಕ್ಕೂ ಪೆಟ್ರೋಲ್ ಏರಿ ಡಬ್ಬಿಗೆ ನುಗ್ಗುತ್ತದೆ. ನೆನೆದ ಇದ್ದಿಲಲ್ಲಿ ಗಾಳಿ ಹಾಯುವುದಿಲ್ಲ. ಕಾಳುಗಳು ಪುಡಿಯಾಗಿ ಪೈಪುಗಳಿಗೂ ಹರಡಬಹುದು. ಟ್ಯಾಂಕ್ ತುಂಬಿಸಿದ ಕೂಡಲೇ ಕಾರು ಸ್ಟಾರ್ಟ್ ಆಗಲು ತಿಣುಕುವುದು, ಪೆಟ್ರೋಲ್ ವಾಸನೆ, ಚೆಕ್ ಎಂಜಿನ್ ದೀಪ, ಇವು ಡಬ್ಬಿ ನೆನೆದದ್ದರ ಅಥವಾ ಪರ್ಜ್ ವಾಲ್ವ್ ತೆರೆದೇ ನಿಂತದ್ದರ ಸೂಚನೆ.

ಎರಡನೆಯ ಶತ್ರು ಹುಳ. ಡಬ್ಬಿಯ ಗಾಳಿಬಾಯಿ ಕಾರಿನ ಕೆಳಗೆ ತೆರೆದಿರುತ್ತದೆ. ಕುಂಬಾರಹುಳಕ್ಕೆ ಅಂಥ ತೂತು ಸಿಕ್ಕರೆ ಮಣ್ಣಿನ ಗೂಡು ಕಟ್ಟಲು ಇನ್ನೇನೂ ಬೇಡ. ರಜೆಗೆ ಬರುವವರಿಗಾಗಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಕಾದು ನಿಂತ ಕಾರುಗಳಲ್ಲಿ ಇದನ್ನು ಮೊದಲೇ ನೋಡಬೇಕು. ಇದು ಹಳ್ಳಿಯ ಕಾರಿಗಷ್ಟೇ ಬರುವ ಕಾಟವಲ್ಲ. ಅಮೆರಿಕದಲ್ಲಿ ಹಳದಿ ಜೇಡವೊಂದು ಮಾಜ್ಡಾ-6 ಕಾರುಗಳ ಇದೇ ಗಾಳಿಪೈಪಿನಲ್ಲಿ ಬಲೆ ಹೆಣೆದು, ನಿರ್ವಾತಕ್ಕೆ ಟ್ಯಾಂಕ್ ಬಿರುಕು ಬಿಡುವ ಭಯ ಹುಟ್ಟಿದ್ದರಿಂದ ಕಂಪನಿ 2011ರಲ್ಲೂ 2014ರಲ್ಲೂ ಸಾವಿರಾರು ಕಾರುಗಳನ್ನು ವಾಪಸು ಕರೆಸಬೇಕಾಯಿತು.

ಪರೀಕ್ಷೆ ಸುಲಭ, ಆದರೆ ಮೆಕ್ಯಾನಿಕ್ ಕೈಯಿಂದಲೇ ಆಗಬೇಕು. ಟ್ಯಾಂಕ್‌ನಿಂದ ಡಬ್ಬಿಗೆ ಬರುವ ಪೈಪನ್ನು ಡಬ್ಬಿಯ ಬಳಿ ಕಳಚಿ, ಗ್ಯಾರೇಜಿನಲ್ಲೇ ಲಾಳಿಕೆಯಿಂದ ಐದು ಲೀಟರ್ ಸುರಿದು ನೋಡುವುದು. ಮೊದಲು ತಡೆಯುತ್ತಿದ್ದದ್ದು ಈಗ ಸಲೀಸಾಗಿ ಇಳಿದರೆ ಅಡ್ಡಿ ಡಬ್ಬಿಯಲ್ಲೋ ಅದರ ಗಾಳಿಬಾಯಿಯಲ್ಲೋ ಇದೆ. ಕಳಚಿದ ಪೈಪಿನಿಂದ ಆವಿ ಬರುತ್ತಿರುವಾಗ ಸುತ್ತ ಕಿಡಿಯ ಸುಳಿವೂ ಇರಕೂಡದು. ಗಾಳಿಬಾಯಿಯ ಮಣ್ಣನ್ನು ತಂತಿಯಿಂದ ಹೊರಕ್ಕೆ ಕೆರೆಯಬೇಕೇ ಹೊರತು ಒಳಕ್ಕೆ ದೂಡಬಾರದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಟ್ಯಾಂಕ್ ಕಡೆಗೆ ಬಿಟ್ಟರೆ ಒಳಗಿನ ವಾಲ್ವ್‌ಗಳು ಹಾಳಾಗುತ್ತವೆ. ಬಾಯಿಂದ ಊದುವುದು, ಎಳೆಯುವುದು ಎರಡೂ ಬೇಡ. ನೆನೆದ ಡಬ್ಬಿಯನ್ನು ಬಿಸಿಲಿಗಿಟ್ಟು ಒಣಗಿಸುವವರಿದ್ದಾರೆ, ಹೊಸದು ಹಾಕಿಸುವುದೇ ನೇರ ದಾರಿ.

ಡಬ್ಬಿ ಕಳಚಿದರೂ ಇಳಿಯದಿದ್ದರೆ ಟ್ಯಾಂಕ್‌ನ ಮೇಲ್ಭಾಗದ ತೇಲುವಾಲ್ವ್ ಉಳಿಯಿತು. ಅದಕ್ಕೆ ಟ್ಯಾಂಕನ್ನೇ ಇಳಿಸಬೇಕು, ಕೆಲವು ಕಾರುಗಳಲ್ಲಿ ವಾಲ್ವ್ ಟ್ಯಾಂಕ್ ಜೊತೆಗೇ ಬರುತ್ತದೆ. ಆದ್ದರಿಂದ ‘ಟ್ಯಾಂಕ್ ಬದಲಿಸಿ’ ಎಂಬ ಸಲಹೆ ಮೊದಲ ದಿನವೇ ಬಂದರೆ, ಮೇಲಿನ ಹಂತಗಳೆಲ್ಲ ಆಗಿವೆಯೇ ಎಂದು ಕೇಳುವುದು ಗ್ರಾಹಕರ ಹಕ್ಕು.

ರಿಪೇರಿಯಾಗುವವರೆಗೆ ಅರ್ಧ ಲಿವರ್‌ನಲ್ಲಿ, ಹುಡುಗ ಗನ್ ಕೈಬಿಡದಂತೆ, ಅರ್ಧ ಟ್ಯಾಂಕ್ ಮಾತ್ರ ತುಂಬಿಸಿಕೊಂಡು ಓಡಿಸಬಹುದು. ರಿಪೇರಿ ಮುಗಿದ ಮೇಲೆ ಮುಳ್ಳು ಕಾಲುಭಾಗಕ್ಕೆ ಇಳಿಯಲು ಬಿಟ್ಟು, ಮೊದಲು ತೊಂದರೆ ಕೊಟ್ಟ ಬಂಕ್‌ನಲ್ಲೇ ಪೂರ್ತಿ ವೇಗದಲ್ಲಿ ತುಂಬಿಸಬೇಕು. ಮೊದಲ ‘ಟಕ್’ ಕೇಳುವಷ್ಟರಲ್ಲಿ ಟ್ಯಾಂಕ್ ಅಳತೆಯ ಸುಮಾರು ಮುಕ್ಕಾಲು ಭಾಗ ಒಳಗೆ ಹೋಗಿದ್ದರೆ ಕೆಲಸ ಸರಿಯಾಗಿದೆ. ಅಲ್ಲಿಗೆ ಗನ್ ತೆಗೆಸಬೇಕು. ಬಿಲ್ಲನ್ನು ನೂರರ ಲೆಕ್ಕಕ್ಕೆ ತರಲು ಮತ್ತೆ ಒತ್ತಿಸಬಾರದು.