ಆಧಾರ್ ಜೆರಾಕ್ಸ್ ಕೇಳಿದವರಿಗೆಲ್ಲ ಕೊಡಬೇಕಿಲ್ಲ

ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ಹುಡುಕಿಕೊಂಡು ಬಂದ ಹುಡುಗಿಯ ಹತ್ತಿರ ಮೊದಲು ಕೇಳುವುದು ಅಡ್ವಾನ್ಸು, ಆಮೇಲೆ ಆಧಾರ್ ಜೆರಾಕ್ಸು. ಎಷ್ಟೋ ಕಡೆ ‘ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡಿಬಿಡಿ’ ಎನ್ನುವುದೂ ಉಂಟು. ಹನ್ನೆರಡೂ ಅಂಕಿ ಕಾಣುವ ಆ ಪ್ರತಿ ಮುಂದೆ ಯಾರ ಫೋನಿನಲ್ಲಿ ಉಳಿಯಿತು ಎಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸುವ ಹಕ್ಕು ನಮಗಿದೆ. ಅದಕ್ಕಾಗಿ ಹೋರಾಡಿದವರು ನಮ್ಮ ಬೆಂಗಳೂರಿನವರೇ.

ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಮರುವರ್ಷದ ತೀರ್ಪು, ಬ್ಯಾಂಕ್ ಖಾತೆಗೂ ಸಿಮ್‌ಗೂ ಆಧಾರ್ ಜೋಡಣೆ ಕಡ್ಡಾಯವಲ್ಲ ಎಂದಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ನಮ್ಮ ಶಾಲಾ ಮಕ್ಕಳಿಗೂ ಗೊತ್ತಿರಬೇಕಿತ್ತು.

ಆದ್ದರಿಂದ ಪಿಜಿಯಲ್ಲಿ ವೋಟರ್ ಐಡಿಯನ್ನೋ ಡ್ರೈವಿಂಗ್ ಲೈಸೆನ್ಸನ್ನೋ ಮುಂದಿಡಿ. ಆಧಾರನ್ನೇ ಕೊಡುವುದಾದರೆ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೊಡಿ. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಅದು ಸಿಗುತ್ತದೆ. ಪ್ರತಿಯ ಮೇಲೆ ಅಡ್ಡಲಾಗಿ ‘ಪಿಜಿ ಪ್ರವೇಶಕ್ಕೆ ಮಾತ್ರ’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ. ಹಾಗೆಯೇ, ಅಂಗಡಿಯ ಬಿಲ್ಲಿಗೆ ಮೊಬೈಲ್ ನಂಬರ್ ಕೊಡಲೇಬೇಕೆಂದು ಪಟ್ಟುಹಿಡಿಯಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿದೆ.

ಪೊಲೀಸರು ಫೋನ್ ಕೇಳಿದರೆ? ಫೋನಿನೊಳಗೆ ಹುಡುಕಲು ಸಾಮಾನ್ಯವಾಗಿ ಸರ್ಚ್ ವಾರಂಟ್ ಬೇಕು, ತೀರಾ ತುರ್ತಿದ್ದರೆ ಕಾರಣವನ್ನು ಬರೆದಿಡಬೇಕು ಎಂದು ನಮ್ಮ ಹೈಕೋರ್ಟ್ 2021ರಲ್ಲಿ ಹೇಳಿದೆ. ರಸ್ತೆಯಲ್ಲಿ ನಿಲ್ಲಿಸಿ ‘ಲಾಕ್ ತೆಗಿ’ ಎಂದಾಗ ಜಗಳ ಬೇಡ. ಲಿಖಿತ ಆದೇಶ ತೋರಿಸಿ ಎಂದು ಸಮಾಧಾನವಾಗಿ ಕೇಳಿ.

ಇನ್ನು ನಮ್ಮ ಮಾಹಿತಿ ಇಟ್ಟುಕೊಳ್ಳುವ ಕಂಪನಿಗಳ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದು, ಹಂತಹಂತವಾಗಿ ಜಾರಿಯಾಗುತ್ತಿವೆ. ದತ್ತಾಂಶ ಸೋರಲು ಬಿಟ್ಟ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ತನ್ನ ಕೈಯಲ್ಲೇ ಇಟ್ಟುಕೊಂಡಿದೆ. ಪುಟ್ಟಸ್ವಾಮಿಯವರ ತಕರಾರು ಸರ್ಕಾರದ ಮೇಲೇ ಇತ್ತು ಎಂಬುದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲ.

ಖಾಸಗಿತನಕ್ಕೆ ಧಕ್ಕೆ ಫೋಟೊಗಳಿಂದಲೂ ಬರುತ್ತದೆ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗಾಂಗಗಳ ಚಿತ್ರ ತೆಗೆದರೆ ಅಥವಾ ಹಂಚಿದರೆ ಐಟಿ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಇಲ್ಲವೆ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ನಿಮಗೆ ಹಾಗಾದರೆ ಗಾಬರಿಯಲ್ಲಿ ಮೆಸೇಜುಗಳನ್ನು ಅಳಿಸಬೇಡಿ, ಅವೇ ಸಾಕ್ಷ್ಯ. ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ, ಸಮಯ ಎಲ್ಲ ಎತ್ತಿಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಸೈಬರ್ ವಂಚನೆಯಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

‘ಇದು ನಮ್ಮ ವ್ಯಾಪ್ತಿಯಲ್ಲ, ಸೈಬರ್ ಠಾಣೆಗೆ ಹೋಗಿ’ ಎಂದು ಬಸವೇಶ್ವರನಗರ ಠಾಣೆಯವರು ಅಲೆದಾಡಿಸಿದರೆ ಒಪ್ಪಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಠಾಣೆಯವರು ದೂರು ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಆಗಲ್ಲ ಎಂದರೆ ದೂರನ್ನು ಡಿಸಿಪಿಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗುವಾಗ ಆ ರಸೀದಿ ಬೇಕಾಗುತ್ತದೆ.